ಮಾತು ಕೇಳುವುದು, ಪ್ರಶ್ನೆ ಕೇಳುವುದು: ರೆಂಬ್ರಾಂಟನ ಅಚ್ಚುಚಿತ್ರಗಳ ಮೂಲಕ ವಿಧೇಯತೆಯ ಪಾಠ

ಹಿನ್ನೆಲೆ

ಇಂಟರ್ನ್‌ಶಿಪ್‌ನಲ್ಲಿ ನನ್ನ ಬೋಧನಾ ವಿಷಯಗಳು ಭೌತ ವಿಜ್ಞಾನ ಮತ್ತು ಗಣಿತ. ಇವುಗಳ ಜೊತೆಗೆ ನಾವೆಲ್ಲರೂ ಸರದಿಯಂತೆ ಮೌಲ್ಯ ಶಿಕ್ಷಣದ ಅವಧಿಗಳನ್ನೂ ತೆಗೆದುಕೊಳ್ಳಬೇಕಿತ್ತು. ಶಾಲೆಯ ವಾರ್ಷಿಕ ಯೋಜನೆಯ ಪ್ರಕಾರ ನನ್ನ ಪಾಲಿಗೆ ಬಂದ ಘಟಕ ‘ಶ್ರದ್ಧೆ ಮತ್ತು ವಿಧೇಯತೆ’. ತರಗತಿ ಒಂಬತ್ತು. 40 ನಿಮಿಷಗಳ ಎರಡು ಅವಧಿ.

ಮೌಲ್ಯ ಪಾಠಕ್ಕೆ ನಮ್ಮಲ್ಲಿ ಒಂದು ರೂಢಿಯಾದ ದಾರಿ ಇದೆ. ಒಂದು ಕಥೆ ಹೇಳುವುದು, ಅದರ ನೀತಿಯನ್ನು ಕಪ್ಪುಹಲಗೆಯ ಮೇಲೆ ಬರೆಯುವುದು, ‘ಇದರಿಂದ ನೀವು ಏನು ಕಲಿತಿರಿ?’ ಎಂದು ಕೇಳುವುದು. ತರಗತಿ ಒಕ್ಕೊರಲಿನಿಂದ ‘ಹಿರಿಯರ ಮಾತು ಕೇಳಬೇಕು ಮಿಸ್’ ಎನ್ನುತ್ತದೆ. ಪ್ರಾಮಾಣಿಕತೆ ಅಥವಾ ಸ್ವಚ್ಛತೆಯ ಪಾಠದಲ್ಲಿ ಇದು ಹೇಗೋ ನಡೆದುಹೋಗುತ್ತದೆ. ವಿಧೇಯತೆಯ ಪಾಠದಲ್ಲಿ ಮಾತ್ರ ಒಂದು ತೊಡಕಿದೆ. ಆ ಒಕ್ಕೊರಲ ಉತ್ತರವೇ ಒಂದು ವಿಧೇಯತೆ. ಶಿಕ್ಷಕರು ಯಾವ ಉತ್ತರ ಬಯಸುತ್ತಾರೆಂದು ಮಕ್ಕಳಿಗೆ ಗೊತ್ತು, ಅದನ್ನೇ ಕೊಡುತ್ತಾರೆ. ಅವರು ವಿಧೇಯತೆಯ ಬಗ್ಗೆ ಯೋಚಿಸಿದರೋ ಇಲ್ಲವೋ ಎಂಬುದನ್ನು ಅದರಿಂದ ಅಳೆಯಲಾಗದು.

ಪಾಠ ಯೋಜನೆ ಬರೆಯುವಾಗ ನನಗೆ ದಾರಿ ತೋರಿಸಿದ್ದು ಕನ್ನಡದ ಒಂದು ಕ್ರಿಯಾಪದ. ನಾವು ‘ದನಿ ಕೇಳಿತು’ ಎನ್ನುತ್ತೇವೆ, ‘ಅಮ್ಮನ ಮಾತು ಕೇಳು’ ಎನ್ನುತ್ತೇವೆ, ‘ಪ್ರಶ್ನೆ ಕೇಳು’ ಎಂದೂ ಎನ್ನುತ್ತೇವೆ. ಕಿವಿಗೊಡುವುದು, ಪಾಲಿಸುವುದು, ವಿಚಾರಿಸುವುದು ಮೂರಕ್ಕೂ ಒಂದೇ ಪದ. ತರಗತಿಯಲ್ಲಿ ಮಾತ್ರ ಎರಡನೆಯ ಅರ್ಥ ಮೂರನೆಯದನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ‘ಮಾತು ಕೇಳುವ ಹುಡುಗಿ’ ಎಂದರೆ ಪ್ರಶ್ನೆ ಕೇಳದ ಹುಡುಗಿ ಎಂದೇ ಆಗಿದೆ. ಈ ಎರಡು ಅರ್ಥಗಳನ್ನು ಮಕ್ಕಳು ತಾವೇ ಒಟ್ಟಿಗೆ ಇಟ್ಟು ನೋಡುವಂತೆ ಮಾಡುವುದು ಈ ಪಾಠದ ಗುರಿಯಾಯಿತು. ಅದಕ್ಕೆ ನಾನು ಆರಿಸಿಕೊಂಡ ಸಾಮಗ್ರಿ ಅಬ್ರಹಾಮ ಮತ್ತು ಇಸಾಕರ ಕಥೆಯನ್ನು ಕುರಿತ ಅಚ್ಚುಚಿತ್ರಗಳು.

ಚಿತ್ರವೇ ಏಕೆ, ಅಚ್ಚುಚಿತ್ರವೇ ಏಕೆ

ಕಥೆಯನ್ನು ಹೇಳುವವರ ದನಿಯಲ್ಲಿಯೇ ನೀತಿ ಬೆರೆತಿರುತ್ತದೆ. ಚಿತ್ರ ಮಾತಾಡುವುದಿಲ್ಲ. ಅದರ ಮುಂದೆ ಮಗು ಮೊದಲು ನೋಡಬೇಕು, ಆಮೇಲೆ ಹೇಳಬೇಕು. ವೀಕ್ಷಣೆ ಬೇರೆ, ಅನುಮಾನ ಬೇರೆ ಎಂಬುದು ವಿಜ್ಞಾನದ ತರಗತಿಯಲ್ಲಿ ನಾವು ಕಲಿಸುವ ಮೊದಲ ಪಾಠ. ಮೇಣದ ಬತ್ತಿಯ ಜ್ವಾಲೆಯ ಮುಂದೆ ನಡೆಯುವ ಆ ಅಭ್ಯಾಸವನ್ನು ಒಂದು ಧಾರ್ಮಿಕ ಚಿತ್ರದ ಮುಂದೆಯೂ ನಡೆಸಬಹುದು.

ಅಚ್ಚುಚಿತ್ರವನ್ನು ಆರಿಸಲು ಪ್ರಾಯೋಗಿಕ ಕಾರಣವೂ ಇದೆ. ಇವು ಕಪ್ಪು ಗೆರೆಗಳಿಂದಾದ ಚಿತ್ರಗಳು. ವರ್ಣಚಿತ್ರವನ್ನು ಜೆರಾಕ್ಸ್ ಮಾಡಿದರೆ ಕೆಸರಾಗುತ್ತದೆ, ಅಚ್ಚುಚಿತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹುಟ್ಟಿನಿಂದಲೇ ಅವು ಪ್ರತಿಗಳಾಗಲೆಂದು ಮಾಡಿದ ಚಿತ್ರಗಳು. ಚರ್ಚಿನ ಗೋಡೆಯ ಚಿತ್ರವನ್ನು ನೋಡಲು ಚರ್ಚಿಗೇ ಹೋಗಬೇಕು, ಅಚ್ಚಾದ ಹಾಳೆ ಮನೆಗೆ ಬರುತ್ತದೆ. ಯುರೋಪಿನಲ್ಲಿ ಧರ್ಮಗ್ರಂಥದ ಕಥೆಗಳು ಮನೆಮನೆಗೆ ತಲುಪಿದ ದಾರಿಗಳಲ್ಲಿ ಇದೂ ಒಂದು. ರೆಂಬ್ರಾಂಟನ ಚಿತ್ರಗಳನ್ನು ಆಮ್‌ಸ್ಟರ್‌ಡಾಮ್‌ನ ರೈಕ್ಸ್ ಮ್ಯೂಸಿಯಂ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗಳು ತಮ್ಮ ಜಾಲತಾಣಗಳಲ್ಲಿ ಉಚಿತವಾಗಿ ಒದಗಿಸಿವೆ. ಹೀಗಾಗಿ ಈ ಬೋಧನೋಪಕರಣದ ಖರ್ಚು ಜೆರಾಕ್ಸ್‌ನ ಖರ್ಚು ಮಾತ್ರ.

ಉದ್ದೇಶಗಳು

ಪಾಠದ ಅಂತ್ಯಕ್ಕೆ ವಿದ್ಯಾರ್ಥಿಗಳು:
1. ಚಿತ್ರದಲ್ಲಿ ಕಂಡದ್ದು, ಅದರಿಂದ ಊಹಿಸಿದ್ದು, ಗ್ರಂಥದಿಂದ ಅಥವಾ ಮನೆಯಿಂದ ಕೇಳಿ ತಿಳಿದದ್ದು ಎಂಬ ಮೂರನ್ನು ಪ್ರತ್ಯೇಕಿಸುವರು.
2. ಎಚ್ಚಿಂಗ್ ಅಚ್ಚಿನ ವಿಧಾನವನ್ನೂ ಅದರಲ್ಲಿ ಎಡ ಬಲ ಅದಲುಬದಲಾಗುವ ಕಾರಣವನ್ನೂ ವಿವರಿಸುವರು.
3. ಒಂದೇ ಕಥೆ ಬೇರೆ ಬೇರೆ ಪರಂಪರೆಗಳಲ್ಲಿ ಹೇಗೆ ಬೇರೆಯಾಗಿದೆ ಎಂಬುದನ್ನು ಗೌರವದಿಂದ ಹೋಲಿಸುವರು.
4. ವಿಧೇಯತೆಯಲ್ಲಿ ಪ್ರಶ್ನೆಗೆ ಇರುವ ಸ್ಥಾನದ ಬಗ್ಗೆ ತಮ್ಮ ಅಭಿಪ್ರಾಯವನ್ನು ಕಾರಣ ಸಹಿತ ಬರೆಯುವರು.

ಕಥೆ: ಗ್ರಂಥ ಹೇಳಿದ್ದು, ಹೇಳದೆ ಬಿಟ್ಟದ್ದು

ಕಥೆ ಬೈಬಲ್ಲಿನ ಆದಿಕಾಂಡದ 22ನೇ ಅಧ್ಯಾಯದಲ್ಲಿದೆ. ಮಗನನ್ನು ಬಲಿ ಕೊಡಬೇಕೆಂದು ದೇವರು ಅಬ್ರಹಾಮನಿಗೆ ಆಜ್ಞಾಪಿಸುತ್ತಾನೆ. ಅಬ್ರಹಾಮ ಬೆಳಿಗ್ಗೆ ಎದ್ದು ಕತ್ತೆಗೆ ತಡಿ ಹಾಕಿ, ಇಬ್ಬರು ಆಳುಗಳನ್ನೂ ಮಗ ಇಸಾಕನನ್ನೂ ಕರೆದುಕೊಂಡು ಹೊರಡುತ್ತಾನೆ. ಮೂರನೆಯ ದಿನ ಆ ಸ್ಥಳ ದೂರದಲ್ಲಿ ಕಾಣುತ್ತದೆ. ಆಳುಗಳನ್ನು ಕತ್ತೆಯೊಂದಿಗೆ ಅಲ್ಲೇ ಬಿಟ್ಟು, ಸೌದೆಯನ್ನು ಮಗನ ಮೇಲೆ ಹೊರಿಸಿ, ಬೆಂಕಿಯನ್ನೂ ಕತ್ತಿಯನ್ನೂ ತಾನು ಹಿಡಿದು ನಡೆಯುತ್ತಾನೆ. ದಾರಿಯಲ್ಲಿ ಇಸಾಕ ಕೇಳುವುದು ಒಂದೇ ಪ್ರಶ್ನೆ: ಬೆಂಕಿ ಇದೆ, ಸೌದೆ ಇದೆ, ಬಲಿಗೆ ಕುರಿಮರಿ ಎಲ್ಲಿ? ದೇವರೇ ಒದಗಿಸುವನು ಎಂದು ತಂದೆ ಉತ್ತರಿಸುತ್ತಾನೆ. ಬಲಿಪೀಠ ಕಟ್ಟಿ, ಮಗನನ್ನು ಕಟ್ಟಿ ಮಲಗಿಸಿ, ಕತ್ತಿಗೆ ಕೈ ಹಾಕಿದಾಗ ದೇವದೂತ ಆಕಾಶದಿಂದ ಕೂಗಿ ತಡೆಯುತ್ತಾನೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಮಗನ ಬದಲಿಗೆ ಬಲಿಯಾಗುತ್ತದೆ.

ಕ್ರೈಸ್ತರಿಗೆ ಅಬ್ರಹಾಮ ನಂಬಿಕೆಯ ಮಾದರಿ. ಯಹೂದಿಗಳು ಈ ಪ್ರಸಂಗವನ್ನು ‘ಅಕೇದಾ’ ಎನ್ನುತ್ತಾರೆ, ಅಂದರೆ ಕಟ್ಟುವಿಕೆ. ಹೆಸರಿನಲ್ಲಿ ಬಲಿ ಇಲ್ಲ, ಕಟ್ಟಿದ್ದಷ್ಟೇ ಇದೆ. ಕೊನೆಯಲ್ಲಿ ದೇವರು ಅಬ್ರಹಾಮನನ್ನು ಆಶೀರ್ವದಿಸುವಾಗ ‘ನನ್ನ ಮಾತನ್ನು ಕೇಳಿದ್ದರಿಂದ’ ಎಂಬ ಅರ್ಥದ ಮಾತು ಬರುತ್ತದೆ. ಅಲ್ಲಿ ಹೀಬ್ರೂ ಭಾಷೆಯ ‘ಶಮಾ’ ಎಂಬ ಕ್ರಿಯಾಪದವಿದೆ. ನಮ್ಮ ‘ಕೇಳು’ವಿನ ಹಾಗೆ ಅದಕ್ಕೂ ಕಿವಿಗೊಡು, ಪಾಲಿಸು ಎಂಬ ಎರಡೂ ಅರ್ಥಗಳಿವೆ.

ಈ ಅಧ್ಯಾಯದಲ್ಲಿ ಭಾವನೆಗಳ ವರ್ಣನೆ ಇಲ್ಲವೆನ್ನುವಷ್ಟು ಕಡಿಮೆ. ತಂದೆಯ ಮುಖ ಹೇಗಿತ್ತು, ಮಗ ಅತ್ತನೇ, ಬೆಟ್ಟ ಹತ್ತುವಾಗ ಉಳಿದ ಹೊತ್ತು ಏನು ಮಾತಾಡಿದರು ಎಂಬುದನ್ನು ಅದು ಹೇಳುವುದಿಲ್ಲ. ಬರೆಯುವವರು ಬಿಟ್ಟುಬಿಡಬಹುದಾದದ್ದನ್ನು ಚಿತ್ರ ಬಿಡಿಸುವವರು ಬಿಡಲಾಗದು. ಮುಖ ಬಿಡಿಸಬೇಕೆಂದರೆ ಯಾವುದೋ ಒಂದು ಮುಖವನ್ನು ಬಿಡಿಸಲೇಬೇಕು. ಆದ್ದರಿಂದ ಈ ಕಥೆಯ ಪ್ರತಿಯೊಂದು ಅಚ್ಚುಚಿತ್ರವೂ ‘ವಿಧೇಯತೆ ಎಂದರೆ ಏನು’ ಎಂಬ ಪ್ರಶ್ನೆಗೆ ಒಬ್ಬ ಕಲಾವಿದ ಕೊಟ್ಟ ಉತ್ತರ.

ಆಯ್ದ ಚಿತ್ರಗಳು

ರೆಂಬ್ರಾಂಟ್ (1606–1669) ಹಾಲೆಂಡಿನ ಚಿತ್ರಕಾರ. ವರ್ಣಚಿತ್ರಗಳಲ್ಲದೆ ಸುಮಾರು 300 ಎಚ್ಚಿಂಗ್‌ಗಳನ್ನು ಮಾಡಿದ. ಅವುಗಳಲ್ಲಿ ಬೈಬಲ್ಲಿನ ಪ್ರಸಂಗಗಳು ಬಹಳ. ನಾನು ಆರಿಸಿದ್ದು ಎರಡನ್ನು.

ಮೊದಲನೆಯದು 1645ರದು. ಇದರಲ್ಲಿ ಕತ್ತಿ ಎತ್ತಿಲ್ಲ, ದೇವದೂತನೂ ಇಲ್ಲ. ತಂದೆ ಮಗ ಬೆಟ್ಟದ ಮೇಲೆ ನಿಂತು ಮಾತಾಡುತ್ತಿದ್ದಾರೆ. ಅಬ್ರಹಾಮನ ಒಂದು ಕೈ ಎದೆಯ ಮೇಲಿದೆ, ಇನ್ನೊಂದು ಕೈಯ ಬೆರಳು ಆಕಾಶವನ್ನು ತೋರಿಸುತ್ತಿದೆ. ಸೌದೆಯ ಕಟ್ಟಿನೊಂದಿಗೆ ನಿಂತ ಹುಡುಗ ಕೇಳಿಸಿಕೊಳ್ಳುತ್ತಿದ್ದಾನೆ. ಸಾಮಾನ್ಯವಾಗಿ ಚಿತ್ರಕಾರರು ಕತ್ತಿಯ ಕ್ಷಣವನ್ನು ಆರಿಸುತ್ತಾರೆ. ಇಲ್ಲಿ ರೆಂಬ್ರಾಂಟ್ ಆರಿಸಿದ್ದು ಪ್ರಶ್ನೆ ಮತ್ತು ಉತ್ತರದ ಕ್ಷಣವನ್ನು.

ಎರಡನೆಯದು 1655ರದು. ಸುಮಾರು 16 ಸೆಂ.ಮೀ. ಎತ್ತರ, 13 ಸೆಂ.ಮೀ. ಅಗಲ, ನಮ್ಮ ನೋಟ್‌ಬುಕ್ಕಿನ ಹಾಳೆಗಿಂತ ಚಿಕ್ಕದು. ಇಸಾಕ ತಂದೆಯ ಮೊಣಕಾಲಿಗೆ ಒರಗಿ ಮಂಡಿಯೂರಿದ್ದಾನೆ. ತಂದೆ ಒಂದು ಕೈಯಿಂದ ಅವನ ಕಣ್ಣು ಮುಚ್ಚಿದ್ದಾನೆ, ಇನ್ನೊಂದರಲ್ಲಿ ಕತ್ತಿ ಇದೆ. ಹಿಂದಿನಿಂದ ಬಂದ ದೇವದೂತ ಅಬ್ರಹಾಮನ ಎರಡೂ ತೋಳುಗಳನ್ನು ತಬ್ಬಿ ಹಿಡಿದಿದ್ದಾನೆ. ಗ್ರಂಥದಲ್ಲಿ ದೇವದೂತನದು ದನಿ ಮಾತ್ರ, ಚಿತ್ರದಲ್ಲಿ ಆ ದನಿಗೆ ಕೈಗಳು ಬಂದಿವೆ. ಅಬ್ರಹಾಮನ ಕಣ್ಣುಗಳು ಎರಡು ಕಪ್ಪು ಗುಳಿಗಳಂತಿವೆ.

ಹೋಲಿಕೆಗೆಂದು ರೆಂಬ್ರಾಂಟನದೇ 1635ರ ವರ್ಣಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಅದು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಸಂಗ್ರಹಾಲಯದಲ್ಲಿದೆ. ಅಲ್ಲಿ ತಂದೆಯ ಅಗಲ ಅಂಗೈ ಮಗನ ಇಡೀ ಮುಖವನ್ನು ಒತ್ತಿ ಹಿಡಿದಿದೆ, ದೇವದೂತ ಮಣಿಕಟ್ಟು ಹಿಡಿದಾಗ ಕತ್ತಿ ಗಾಳಿಯಲ್ಲಿ ಬೀಳುತ್ತಿದೆ. ಮುಖವನ್ನೇ ಒತ್ತಿದ ಕೈ ಇಪ್ಪತ್ತು ವರ್ಷಗಳ ನಂತರ ಕಣ್ಣುಗಳನ್ನು ಮಾತ್ರ ಮುಚ್ಚುವ ಕೈಯಾಗಿದೆ. ಈ ಇಪ್ಪತ್ತು ವರ್ಷಗಳಲ್ಲಿ ರೆಂಬ್ರಾಂಟ್ ಮತ್ತು ಸಾಸ್ಕಿಯಾ ದಂಪತಿಯ ಮೂರು ಮಕ್ಕಳು ಹಸುಳೆಗಳಾಗಿದ್ದಾಗಲೇ ತೀರಿಕೊಂಡವು. 1641ರಲ್ಲಿ ಹುಟ್ಟಿದ ಟೈಟಸ್ ಒಬ್ಬ ಉಳಿದ. ಮರುವರ್ಷ ಸಾಸ್ಕಿಯಾ ತೀರಿಕೊಂಡಳು. 1655ರಲ್ಲಿ ಟೈಟಸ್‌ಗೆ ನನ್ನ ತರಗತಿಯ ಮಕ್ಕಳ ವಯಸ್ಸು. ಬದುಕಿನ ಈ ಸಂಗತಿಗಳಿಂದಲೇ ಚಿತ್ರ ಬದಲಾಯಿತು ಎಂದು ಮಕ್ಕಳಿಗೆ ತೀರ್ಪು ಕೊಡಬಾರದು. ಸಂಗತಿಗಳನ್ನು ಕಪ್ಪುಹಲಗೆಯ ಒಂದು ಬದಿಯಲ್ಲಿ ಬರೆದು ಬಿಟ್ಟರೆ ಸಾಕು.

ನಾಲ್ಕನೆಯದು ಗುಸ್ತಾವ್ ದೋರೆ 1866ರ ಬೈಬಲ್ ಆವೃತ್ತಿಗೆ ಬಿಡಿಸಿದ ಚಿತ್ರ. ಆ ಆವೃತ್ತಿಯಲ್ಲಿ 200ಕ್ಕೂ ಹೆಚ್ಚು ಮರಗೆತ್ತನೆಯ ಚಿತ್ರಗಳಿದ್ದವು. ದೋರೆ ಇಸಾಕನನ್ನು ಸೌದೆ ಹೊರೆಯೊಂದಿಗೆ ಬೆಟ್ಟ ಹತ್ತಿಸುತ್ತಾನೆ. ದೋರೆ ಬಿಡಿಸಿದ್ದನ್ನು ಮರದ ಅಚ್ಚಿನಲ್ಲಿ ಕೊರೆದವರು ಬೇರೆ ಕುಶಲಕರ್ಮಿಗಳು. ಇನ್ನೊಬ್ಬರ ಚಿತ್ರವನ್ನು ತಪ್ಪದೆ ಹಿಂಬಾಲಿಸುವುದೇ ಅವರ ಕಸುಬು. ‘ಅದೂ ವಿಧೇಯತೆಯೇ?’ ಎಂಬ ಪ್ರಶ್ನೆಯನ್ನು ಎರಡನೆಯ ಅವಧಿಗೆ ಇಟ್ಟುಕೊಂಡಿದ್ದೆ.

ಮೊದಲ ಅವಧಿ: ನೋಡುವುದು

ನಾಲ್ಕು ಮಕ್ಕಳಿಗೊಂದರಂತೆ 1655ರ ಚಿತ್ರದ ಪ್ರತಿ ಕೊಟ್ಟೆ. ಚಿತ್ರದ ಹೆಸರನ್ನಾಗಲಿ ಕಥೆಯನ್ನಾಗಲಿ ಹೇಳಲಿಲ್ಲ. ಮೂರು ನಿಮಿಷ ಮಾತಿಲ್ಲದೆ ನೋಡುವುದು, ನಂತರ ನೋಟ್‌ಬುಕ್ಕಿನಲ್ಲಿ ಮೂರು ಕಂಬಸಾಲು ಎಳೆಯುವುದು: ಕಂಡದ್ದು, ಊಹಿಸಿದ್ದು, ಕೇಳಿ ತಿಳಿದದ್ದು.

ಮೊದಲ ಐದು ನಿಮಿಷದಲ್ಲಿ ಬಂದ ಉತ್ತರಗಳು ಬಹುತೇಕ ಊಹೆಗಳೇ. ‘ಅಪ್ಪ ಮಗನನ್ನು ಹೊಡೆಯುತ್ತಿದ್ದಾನೆ.’ ‘ದೇವತೆ ಕಾಪಾಡಲು ಬಂದಿದೆ.’ ಪ್ರತಿ ಉತ್ತರಕ್ಕೂ ನನ್ನ ಪ್ರಶ್ನೆ ಒಂದೇ: ‘ಚಿತ್ರದಲ್ಲಿ ಯಾವುದನ್ನು ನೋಡಿ ಹೀಗೆ ಹೇಳುತ್ತೀರಿ?’ ಆಗ ಕಣ್ಣು ಹಾಳೆಗೆ ಮರಳುತ್ತದೆ. ‘ಅಪ್ಪ’ ಎಂಬುದು ಊಹೆ, ‘ಗಡ್ಡದ ಮುದುಕ’ ಎಂಬುದು ಕಂಡದ್ದು. ‘ದೇವತೆ’ ಊಹೆ, ‘ರೆಕ್ಕೆ’ ಕಂಡದ್ದು. ಹೀಗೆ ಎರಡನೆಯ ಕಂಬಸಾಲಿನಿಂದ ಮೊದಲನೆಯದಕ್ಕೆ ಮಾತುಗಳನ್ನು ದಾಟಿಸುವ ಕೆಲಸ ಮಕ್ಕಳಿಗೆ ಆಟದಂತಾಯಿತು.

ಕೈಗಳನ್ನು ಎಣಿಸಲು ಹೇಳಿದ್ದು ಈ ಅವಧಿಯ ತಿರುವು. ‘ಪ್ರತಿಯೊಂದು ಕೈ ಏನು ಮಾಡುತ್ತಿದೆ, ಒಂದೊಂದು ವಾಕ್ಯ ಬರೆಯಿರಿ.’ ಕತ್ತಿ ಹಿಡಿದ ಕೈ, ಕಣ್ಣು ಮುಚ್ಚಿದ ಕೈ, ತಡೆಯುವ ಕೈಗಳು. ಒಬ್ಬ ವಿದ್ಯಾರ್ಥಿ, ‘ಕಣ್ಣು ಮುಚ್ಚಿದ್ದು ಹುಡುಗ ಹೆದರಬಾರದು ಅಂತ’ ಎಂದ. ಪಕ್ಕದ ಗುಂಪಿನ ವಿದ್ಯಾರ್ಥಿನಿ ಒಪ್ಪಲಿಲ್ಲ. ‘ಅಲ್ಲ, ಹುಡುಗ ತನ್ನ ಮುಖ ನೋಡಬಾರದು ಅಂತ. ನೋಡಿದರೆ ಅವನಿಗೆ ಕತ್ತಿ ಎತ್ತೋಕೆ ಆಗಲ್ಲ’ ಎಂದಳು. ಎರಡೂ ಊಹೆಗಳೇ. ಎರಡಕ್ಕೂ ಚಿತ್ರದಲ್ಲಿ ಆಧಾರವಿದೆ. ಇಬ್ಬರೂ ತಂದೆಯ ಕೈಯಲ್ಲಿ ಪ್ರೀತಿಯನ್ನು ಕಂಡಿದ್ದರು, ಆದರೆ ಒಬ್ಬರು ಕಂಡದ್ದು ಮಗನ ಮೇಲಿನ ಕನಿಕರ, ಇನ್ನೊಬ್ಬರು ಕಂಡದ್ದು ತಂದೆಯ ಸಂಕಟ. ಯಾರದು ಸರಿ ಎಂದು ನಾನು ಹೇಳದೆ ಇದ್ದುದರಿಂದ ವಾದ ಇನ್ನೂ ಹತ್ತು ನಿಮಿಷ ನಡೆಯಿತು. ಅಬ್ರಹಾಮ ಎತ್ತ ನೋಡುತ್ತಿದ್ದಾನೆ ಎಂಬುದರ ಮೇಲೆ ತರಗತಿ ಎರಡು ಪಾಲಾಯಿತು. ‘ಅವನು ಎಲ್ಲೂ ನೋಡ್ತಿಲ್ಲ ಮಿಸ್, ಕೇಳಿಸಿಕೊಳ್ತಿದ್ದಾನೆ’ ಎಂದು ಹಿಂದಿನ ಬೆಂಚಿನಿಂದ ಬಂದ ಉತ್ತರವನ್ನು ಹಾಗೆಯೇ ಕಪ್ಪುಹಲಗೆಯ ಮೇಲೆ ಬರೆದೆ.

ಕೊನೆಯ ಹದಿನೈದು ನಿಮಿಷ ಅಚ್ಚಿನ ವಿಧಾನಕ್ಕೆ. ತಾಮ್ರದ ತಗಡಿಗೆ ಮೇಣ, ರಾಳಗಳ ತೆಳು ಲೇಪ ಹಚ್ಚುತ್ತಾರೆ. ಸೂಜಿಯಿಂದ ಲೇಪದ ಮೇಲೆ ಗೀಚಿದರೆ ಆ ಗೆರೆಗಳಲ್ಲಿ ತಾಮ್ರ ಹೊರಬರುತ್ತದೆ. ತಗಡನ್ನು ಆಮ್ಲದಲ್ಲಿಟ್ಟಾಗ ಆಮ್ಲ ಲೇಪವನ್ನು ಮುಟ್ಟದೆ ಗೆರೆಗಳಲ್ಲಿನ ಲೋಹವನ್ನಷ್ಟೇ ಕೊರೆಯುತ್ತದೆ. ಹೆಚ್ಚು ಹೊತ್ತು ಇಟ್ಟರೆ ಗೆರೆ ಆಳವಾಗಿ ಅಚ್ಚಿನಲ್ಲಿ ಕಪ್ಪಾಗುತ್ತದೆ, ಬೇಗ ತೆಗೆದರೆ ತೆಳುವಾಗುತ್ತದೆ. ಲೇಪ ತೆಗೆದು, ಶಾಯಿ ಸವರಿ, ಮೇಲ್ಮೈಯನ್ನು ಒರೆಸಿದರೆ ಶಾಯಿ ಗೆರೆಗಳಲ್ಲಿ ಉಳಿಯುತ್ತದೆ. ಒದ್ದೆ ಕಾಗದವನ್ನಿಟ್ಟು ಒತ್ತಿದಾಗ ಕಾಗದ ಆ ಶಾಯಿಯನ್ನು ಎಳೆದುಕೊಳ್ಳುತ್ತದೆ. ಎನ್‌ಗ್ರೇವಿಂಗ್‌ನಲ್ಲಿ ಆಮ್ಲವಿಲ್ಲ, ಉಳಿಯಿಂದ ಲೋಹವನ್ನೇ ನೇರವಾಗಿ ಕೊರೆಯುತ್ತಾರೆ. ಲೋಹಗಳು ಆಮ್ಲಗಳೊಂದಿಗೆ ವರ್ತಿಸುವುದನ್ನು ಈ ಮಕ್ಕಳು ಹತ್ತನೇ ತರಗತಿಯಲ್ಲಿ ವಿವರವಾಗಿ ಕಲಿಯಲಿದ್ದಾರೆ. ತಾಮ್ರ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲಕ್ಕೆ ಬಗ್ಗದೆ ನೈಟ್ರಿಕ್ ಆಮ್ಲಕ್ಕೆ ಕರಗುತ್ತದೆ ಎಂಬ ಮಾತಿಗೆ ಆಗ ಈ ಚಿತ್ರ ನೆನಪಾಗಲಿ ಎಂಬುದು ನನ್ನ ಆಸೆ.

ತರಗತಿಯಲ್ಲಿ ನೈಟ್ರಿಕ್ ಆಮ್ಲ ಬಳಸುವಂತಿಲ್ಲ. ಬದಲಿಗೆ ಹಳೆಯ ಎಕ್ಸ್‌ರೇ ಹಾಳೆಯ ತುಂಡುಗಳ ಮೇಲೆ ಕೈವಾರದ ಮೊನೆಯಿಂದ ಗೀಚಿಸಿದೆ. ಪ್ರಿಂಟಿಂಗ್ ಪ್ರೆಸ್‌ನಿಂದ ತಂದ ಸ್ವಲ್ಪ ಕಪ್ಪು ಶಾಯಿ, ಒರೆಸಲು ಹಳೆ ಬಟ್ಟೆ, ಒದ್ದೆ ಡ್ರಾಯಿಂಗ್ ಹಾಳೆ, ಒತ್ತಲು ಚಮಚದ ಬೆನ್ನು. ಮಕ್ಕಳು ತಮ್ಮ ಹೆಸರಿನ ಮೊದಲ ಅಕ್ಷರ ಗೀಚಿ ಅಚ್ಚು ತೆಗೆದಾಗ ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿತ್ತು. ಕಾಗದದ ಮೇಲೆ ನೇರವಾಗಿ ಬರಬೇಕೆಂದರೆ ತಗಡಿನ ಮೇಲೆ ತಿರುಗಿಸಿ ಬರೆಯಬೇಕು. ‘ಹಾಗಾದರೆ ರೆಂಬ್ರಾಂಟ್ ಇಡೀ ಚಿತ್ರ ತಿರುಗಿಸಿ ಯೋಚಿಸಿದನಾ?’ ಎಂಬ ಪ್ರಶ್ನೆಯೊಂದಿಗೆ ಅವಧಿ ಮುಗಿಯಿತು.

ಎರಡನೆಯ ಅವಧಿ: ಕೇಳುವುದು

ಈ ಅವಧಿಯನ್ನು 1645ರ ಚಿತ್ರದಿಂದ ಆರಂಭಿಸಿದೆ. ಆದಿಕಾಂಡದ ಕಥೆಯನ್ನು ಈಗ ಹೇಳಿ, ‘ಈ ಚಿತ್ರ ಕಥೆಯ ಯಾವ ಕ್ಷಣ?’ ಎಂದು ಕೇಳಿದೆ. ಕುರಿಮರಿಯ ಪ್ರಶ್ನೆಯ ಕ್ಷಣ ಎಂದು ಮಕ್ಕಳು ಬೇಗನೆ ಗುರುತಿಸಿದರು.

‘ಕೇಳಿ ತಿಳಿದದ್ದು’ ಎಂಬ ಮೂರನೆಯ ಕಂಬಸಾಲು ತುಂಬಿದ್ದು ಆಗ. ‘ಇದು ನಮ್ಮ ಬಕ್ರೀದ್ ಕಥೆ ಮಿಸ್. ಆದರೆ ಹುಡುಗ ಇಸ್ಮಾಯಿಲ್’ ಎಂದು ಒಬ್ಬ ವಿದ್ಯಾರ್ಥಿ ಹೇಳಿದ. ಕುರ್‌ಆನ್‌ನ 37ನೇ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ಅಲ್ಲಿ ಮಗನ ಹೆಸರು ಹೇಳಿಲ್ಲ, ಅವನು ಇಸ್ಮಾಯಿಲ್ ಎಂದು ಹೆಚ್ಚಿನ ಮುಸ್ಲಿಮರು ನಂಬುತ್ತಾರೆ. ನಮ್ಮ ಪಾಠಕ್ಕೆ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಅಲ್ಲಿ ತಂದೆ ತನ್ನ ಕನಸನ್ನು ಮಗನಿಗೆ ತಿಳಿಸಿ, ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾನೆ. ಆಜ್ಞೆಯಾದಂತೆ ಮಾಡು, ನಾನು ಸಹಿಸುವೆ ಎಂಬ ಅರ್ಥದಲ್ಲಿ ಮಗ ಒಪ್ಪಿಗೆ ಕೊಡುತ್ತಾನೆ. ಬೈಬಲ್ಲಿನಲ್ಲಿ ಮಗ ತಂದೆಯನ್ನು ಕೇಳುತ್ತಾನೆ, ಕುರ್‌ಆನ್‌ನಲ್ಲಿ ತಂದೆ ಮಗನನ್ನು ಕೇಳುತ್ತಾನೆ. ನಂಬಿಕೆಯ ಮಾದರಿ ಎಂದು ಎರಡೂ ಪರಂಪರೆಗಳು ಹೇಳುವ ಈ ಕಥೆಯಲ್ಲಿ ಎರಡೂ ಕಡೆ ‘ಕೇಳುವುದಕ್ಕೆ’ ಜಾಗವಿದೆ.

ನಂತರ ಬಂದವು ನಮ್ಮ ಕಥೆಗಳು. ಶಿವನ ಪರೀಕ್ಷೆಯಲ್ಲಿ ಮಗ ಚೀಲಾಳನನ್ನೇ ಅರ್ಪಿಸಿದ ಸಿರಿಯಾಳ, ಚಂಗಳೆಯರ ಕಥೆಯನ್ನು ಅಜ್ಜಿಯಿಂದ ಕೇಳಿದ್ದ ವಿದ್ಯಾರ್ಥಿನಿ ಅದನ್ನು ಎರಡು ನಿಮಿಷದಲ್ಲಿ ಚೆನ್ನಾಗಿ ಹೇಳಿದಳು. ಇನ್ನೊಬ್ಬಳು ಪ್ರಹ್ಲಾದನನ್ನು ತಂದಳು. ‘ಪ್ರಹ್ಲಾದ ಅಪ್ಪನ ಮಾತು ಕೇಳಲಿಲ್ಲ. ಆದರೂ ಅವನನ್ನ ಭಕ್ತ ಅಂತೀವಿ.’ ತರಗತಿ ಒಂದು ಕ್ಷಣ ಮೌನವಾಯಿತು. ಒಂದು ಕಥೆಯಲ್ಲಿ ಶ್ರದ್ಧೆ ಎಂದರೆ ಮಾತು ಕೇಳುವುದು, ಇನ್ನೊಂದರಲ್ಲಿ ಶ್ರದ್ಧೆ ಎಂದರೆ ಮಾತು ಕೇಳದಿರುವುದು. ಹಾಗಾದರೆ ಶ್ರದ್ಧೆ ಮತ್ತು ವಿಧೇಯತೆ ಒಂದೇ ಅಲ್ಲ. ಘಟಕದ ಹೆಸರಿನಲ್ಲಿ ನಡುವೆ ಇರುವ ‘ಮತ್ತು’ ಸುಮ್ಮನೆ ಬಂದದ್ದಲ್ಲ ಎಂಬುದನ್ನು ಮಕ್ಕಳೇ ಕಂಡುಕೊಂಡರು.

ದೋರೆಯ ಅಚ್ಚು ಕೊರೆದವರ ಬಗ್ಗೆ ಕೇಳಿದಾಗ ಬಂದ ಉತ್ತರವನ್ನೂ ದಾಖಲಿಸಬೇಕು. ‘ಅವರು ಗೆರೆ ತಪ್ಪಬಾರದು. ಆದರೆ ಗೆರೆ ಅರ್ಥ ಆಗದಿದ್ದರೆ ದೋರೆಯನ್ನ ಕೇಳಬೇಕಲ್ಲ, ಇಲ್ಲದಿದ್ರೆ ಮರ ಹಾಳಾಗತ್ತೆ’ ಎಂದಿದ್ದು ಬಡಗಿಯೊಬ್ಬರ ಮಗ. ಕಸುಬಿನ ವಿಧೇಯತೆಯಲ್ಲಿ ಪ್ರಶ್ನೆ ಕೇಳುವುದು ಕರ್ತವ್ಯ ಎಂಬುದನ್ನು ಇದಕ್ಕಿಂತ ಸರಳವಾಗಿ ನಾನು ಹೇಳಲಾರೆ.

ಮೌಲ್ಯಮಾಪನ ಮತ್ತು ಒಂದು ಚೀಟಿ

ಕೊನೆಯ ಎಂಟು ನಿಮಿಷ ಬರವಣಿಗೆ. ಪ್ರಶ್ನೆ: ‘1655ರ ಚಿತ್ರದಲ್ಲಿರುವ ಹುಡುಗ ಈಗ ಮಾತಾಡಿದರೆ ಯಾರನ್ನು ಏನು ಕೇಳುತ್ತಾನೆ? ಏಕೆ?’ ಹೆಸರು ಬರೆಯುವುದು ಕಡ್ಡಾಯವಲ್ಲ. ಒಕ್ಕೊರಲ ಉತ್ತರಕ್ಕೆ ಇಲ್ಲಿ ಅವಕಾಶವೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಪ್ರಶ್ನೆ ತಂದೆಗೆ ಇತ್ತು: ‘ನನಗೆ ಮೊದಲೇ ಯಾಕೆ ಹೇಳಲಿಲ್ಲ?’ ಕೆಲವು ದೇವರಿಗೆ, ಒಂದೆರಡು ಕೆಳಗೆ ಕಾಯುತ್ತಿರುವ ಆಳುಗಳಿಗೆ. ‘ಅಪ್ಪ, ನೀನು ಅಳ್ತಾ ಇದ್ದೀಯಾ?’ ಎಂಬುದೂ ಒಂದು. ಕಾರಣಗಳಲ್ಲಿ ಮಕ್ಕಳು ಕೈ, ಕಣ್ಣು, ಕತ್ತಲೆ ಎಂದು ಚಿತ್ರದ ವಿವರಗಳನ್ನು ಉಲ್ಲೇಖಿಸಿದ್ದರು. ಮೊದಲ ಉದ್ದೇಶ ಈಡೇರಿದೆ ಎನ್ನಲು ಇದು ನನ್ನ ಪುರಾವೆ.

ಹೆಸರಿಲ್ಲದ ಒಂದು ಚೀಟಿಯಲ್ಲಿ ಹೀಗಿತ್ತು: ‘ಆ ಹುಡುಗ ಒಂದು ಪ್ರಶ್ನೆ ಆದರೂ ಕೇಳಿದ. ನಾನು ಕೇಳಿಲ್ಲ. ನನ್ನನ್ನೂ ಯಾರೂ ಕೇಳಿಲ್ಲ.’

ಅದನ್ನು ತರಗತಿಯಲ್ಲಿ ಓದಲಿಲ್ಲ. ಅದೇ ದಿನ ಮಾರ್ಗದರ್ಶಕ ಶಿಕ್ಷಕಿಗೆ ಕೊಟ್ಟೆ. ಕೈಬರಹದ ಗುರುತು ಅವರಿಗೆ ಸಿಕ್ಕಿತು. ಅವರು ಆ ವಿದ್ಯಾರ್ಥಿನಿಯೊಂದಿಗೆ ಪ್ರತ್ಯೇಕವಾಗಿ ಮಾತಾಡಿದರು. ಒಂಬತ್ತಕ್ಕೇ ಅವಳ ಓದು ನಿಲ್ಲಿಸುವ ತೀರ್ಮಾನ ಮನೆಯಲ್ಲಿ ಆಗಿತ್ತು. ಶಿಕ್ಷಕಿ ಅವಳ ತಾಯಿಯನ್ನು ಕರೆಸಿದರು, ಮುಂದಿನ ವಾರ ತಂದೆಯೂ ಬಂದರು. ನನ್ನ ಇಂಟರ್ನ್‌ಶಿಪ್ ಮುಗಿಯುವಾಗ ಮಾತುಕತೆ ಇನ್ನೂ ನಡೆಯುತ್ತಿತ್ತು, ಹುಡುಗಿ ಶಾಲೆಗೆ ಬರುತ್ತಿದ್ದಳು. ಇದಕ್ಕಿಂತ ಹೆಚ್ಚಿನ ವಿವರ ಇಲ್ಲಿ ಬರೆಯುವಂಥದ್ದಲ್ಲ.

ಈ ಪ್ರಸಂಗವನ್ನು ಉಲ್ಲೇಖಿಸಲು ಕಾರಣವಿದೆ. ‘ಹಿರಿಯರ ಮಾತು ಕೇಳಬೇಕು’ ಎಂದು ನಾವು ಪಾಠ ಮುಗಿಸುವಾಗ ಎದುರಿಗೆ ಕುಳಿತ ಮಕ್ಕಳಲ್ಲಿ ಯಾರು ಯಾವ ಮಾತಿನ ಕೆಳಗೆ ಮಂಡಿಯೂರಿದ್ದಾರೆ ಎಂಬುದು ನಮಗೆ ತಿಳಿದಿರುವುದಿಲ್ಲ. ಹಿರಿಯರ ಮಾತಿನಲ್ಲಿ ಹೆಚ್ಚಿನದು ಪ್ರೀತಿಯಿಂದ ಬಂದದ್ದೇ. ಚಿತ್ರದ ಕೈಯೂ ಪ್ರೀತಿಯ ಕೈಯೇ. ಆದರೂ ಅದು ಕಣ್ಣು ಮುಚ್ಚಿದೆ. ವಿಧೇಯತೆಯ ಪಾಠದಲ್ಲಿ ಪ್ರಶ್ನೆಗೆ ಜಾಗ ಇಟ್ಟರೆ ವಿಧೇಯತೆ ಸಡಿಲವಾಗುವುದಿಲ್ಲ. ಕೇಳಬೇಕಾದ್ದನ್ನು ಕೇಳಲು ಮಗುವಿಗೆ ಒಂದು ದಾರಿ ಸಿಗುತ್ತದೆ.

ಚರ್ಚೆಯಲ್ಲಿ ಬಂದ ಅಂಶಗಳು

ಪಾಠದ ನಂತರದ ಚರ್ಚೆಯಲ್ಲಿ ಮಾರ್ಗದರ್ಶಕರು ಎತ್ತಿದ ಮುಖ್ಯ ಪ್ರಶ್ನೆ, ಸರ್ಕಾರಿ ಶಾಲೆಯಲ್ಲಿ ಧರ್ಮಗ್ರಂಥದ ಚಿತ್ರ ತರಬಹುದೇ ಎಂಬುದು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಇರಬಾರದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಕಥೆ, ಕಲೆಗಳ ಬಗ್ಗೆ ತಿಳಿಯುವುದು ಬೇರೆ. ಈ ಗೆರೆಯನ್ನು ಕಾಯಲು ನಾನು ಒಂದು ಭಾಷಾ ಶಿಸ್ತನ್ನು ಪಾಲಿಸಿದೆ. ‘ದೇವರು ಹೀಗೆ ಮಾಡಿದ’ ಎನ್ನದೆ ‘ಆದಿಕಾಂಡದಲ್ಲಿ ಹೀಗಿದೆ’, ‘ಕುರ್‌ಆನ್‌ನಲ್ಲಿ ಹೀಗಿದೆ’, ‘ಸಿರಿಯಾಳನ ಕಥೆಯಲ್ಲಿ ಹೀಗಿದೆ’ ಎಂದೇ ಹೇಳಿದೆ. ಯಾವ ಕಥೆಯನ್ನೂ ಇನ್ನೊಂದಕ್ಕಿಂತ ಮೇಲೆಂದು ತೂಗಲಿಲ್ಲ.

ಎರಡನೆಯದು, ಕತ್ತಿ ಮತ್ತು ಮಗುವಿನ ಚಿತ್ರ ಎಳೆಯ ಮಕ್ಕಳಿಗೆ ಭಯ ಹುಟ್ಟಿಸಬಹುದು. ಆರು, ಏಳನೇ ತರಗತಿಗೆ 1645ರ ಚಿತ್ರವೊಂದೇ ಸಾಕು.

ಸಹ-ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

1. ಚಿತ್ರದ ಹೆಸರನ್ನು ಮೊದಲು ಹೇಳಬೇಡಿ. ಹೆಸರು ತಿಳಿದ ಮೇಲೆ ಮಕ್ಕಳು ನೋಡುವುದನ್ನು ನಿಲ್ಲಿಸಿ ನೆನಪು ಮಾಡಿಕೊಳ್ಳಲು ತೊಡಗುತ್ತಾರೆ.
2. ‘ಯಾವುದನ್ನು ನೋಡಿ ಹೀಗೆ ಹೇಳುತ್ತೀರಿ?’ ಎಂಬ ಒಂದೇ ಪ್ರಶ್ನೆಯನ್ನು ಎಲ್ಲ ಉತ್ತರಗಳಿಗೂ, ಸರಿ ಎನಿಸಿದ ಉತ್ತರಗಳಿಗೂ ಕೇಳಿ.
3. ಮುಖದಿಂದ ಆರಂಭಿಸಬೇಡಿ, ಕೈಗಳಿಂದ ಆರಂಭಿಸಿ. ಮುಖದ ಬಗ್ಗೆ ಮಕ್ಕಳು ವಿಶೇಷಣ ಹೇಳುತ್ತಾರೆ, ಕೈಗಳ ಬಗ್ಗೆ ಕ್ರಿಯಾಪದ ಹೇಳುತ್ತಾರೆ.
4. ಎಕ್ಸ್‌ರೇ ಹಾಳೆಯ ಅಂಚು ಹರಿತವಾಗಿರುತ್ತದೆ. ಅಂಚಿಗೆ ಟೇಪ್ ಹಚ್ಚಿ ಕೊಡಿ. ಕೈವಾರ ಬಳಸುವಾಗ ತರಗತಿಯಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಇರಲಿ.
5. ಅನಾಮಧೇಯ ಚೀಟಿಗಳನ್ನು ಅದೇ ದಿನ ಓದಿ. ಆತಂಕದ ಮಾತು ಕಂಡರೆ ಶಾಲೆಯ ಹೊಣೆಯುಳ್ಳ ಶಿಕ್ಷಕರಿಗೆ ತಲುಪಿಸಿ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ತರಗತಿಯ ಗೋಡೆಯ ಮೇಲಿರಲಿ.
6. ಪಾಠವನ್ನು ಮುಂದುವರಿಸುವವರಿಗೆ ದೋರೆಯ ಬೈಬಲ್ಲಿನಲ್ಲಿರುವ ಯೋನನ ಚಿತ್ರಗಳು ಒದಗುತ್ತವೆ. ಯೋನ ಆಜ್ಞೆ ಕೇಳಿ ಓಡಿಹೋದವನು, ಮೀನಿನ ಹೊಟ್ಟೆಯಿಂದ ಹೊರಬಂದ ಮೇಲೆ ಪಾಲಿಸಿದವನು, ಪಾಲಿಸಿದ ಮೇಲೂ ದೇವರೊಂದಿಗೆ ವಾದ ಮಾಡಿದವನು. ಮಾತು ಕೇಳದ ಮಗುವಿನ ಬಗ್ಗೆ ಮಾತಾಡಲು ಅದಕ್ಕಿಂತ ಒಳ್ಳೆಯ ಆರಂಭ ನನಗೆ ಕಂಡಿಲ್ಲ.